ನಾಬ್ ಮೂರಕ್ಕೆ ಇಳಿದಾಗ

ಗಿಟಾರ್ ನುಡಿಸಲು ನನಗೆ ಬರುವುದಿಲ್ಲ. ಅದರ ವಾಲ್ಯೂಮ್ ನಾಬ್ ತಿರುಗಿಸಲು ಮಾತ್ರ ಬರುತ್ತದೆ. ಮದುವೆಯಾದ ಹೊಸತರಲ್ಲಿ ಶುರುವಾದ ಈ ಚಾಕರಿ, ಮಗಳು ಹುಟ್ಟಿ ಬೆಳೆದು ಅವಳ ಮನೆ ಅವಳು ಸೇರಿಕೊಂಡ ಮೇಲೂ ಮುಗಿದಿಲ್ಲ. ಒಲೆಯ ಮೇಲೆ ಹಾಲಿಟ್ಟಿರುತ್ತೇನೆ, ಆಗಲೇ ಮುಂದಿನ ಕೋಣೆಯಿಂದ ಕೂಗು ಬರುತ್ತದೆ. "ಬಾರೇ ಇಲ್ಲಿ, ಒಂದು ನಿಮಿಷ!" ಆ ಒಂದು ನಿಮಿಷದಲ್ಲಿ ಇದುವರೆಗೆ ಎಷ್ಟು ಹಾಲು ಉಕ್ಕಿ ಒಲೆಯ ಪಾಲಾಗಿದೆಯೋ, ಆ ಒಲೆಗೇ ಗೊತ್ತು.

ಮುಂದಿನ ಕೋಣೆ ಎಂದರೆ ಅಂಗಡಿ. ಹಿಂದಿನದು ಮನೆ. ನಡುವೆ ಒಂದು ಪರದೆ. ಅದಕ್ಕೂ ಬೆಸುಗೆ ಹೊಗೆಯ ವಾಸನೆ. ನಮ್ಮನೆಯವರು ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡುತ್ತಾರೆ. ಮರಗೆಲಸ ಅಲ್ಲ, ಒಳಗಿನ ತಂತಿಯ ಕೆಲಸ. ಊರಿನ ವಾದ್ಯದವರೆಲ್ಲ ಅವರನ್ನು ಟೋನಪ್ಪ ಅಂತಲೇ ಕರೆಯುವುದು. ತಂದೆತಾಯಿ ಇಟ್ಟ ಹೆಸರು ಹಿಡಿದು ಯಾರಾದರೂ ವಿಳಾಸ ಕೇಳಿದರೆ ಪಕ್ಕದ ಗಾಜಿನ ಅಂಗಡಿಯವನೇ "ಅಂಥವರು ಇಲ್ಲಿ ಯಾರೂ ಇಲ್ಲ" ಎಂದು ವಾಪಸು ಕಳಿಸಿಬಿಡುತ್ತಾನೆ. ಒಮ್ಮೆ ನನ್ನ ಚಿಕ್ಕಮ್ಮನಿಗೇ ಹಾಗೆ ಆಯಿತು. ಪಾಪ, ಬಿಸಿಲಲ್ಲಿ ಬಸ್ ನಿಲ್ದಾಣದವರೆಗೂ ನಡೆದು ಹೋಗಿದ್ದಳು.

ಅವರು ಮೊದಲು ಇದ್ದದ್ದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ. ಸುಟ್ಟ ಫ್ಯಾನು, ಸುಟ್ಟ ಪಂಪು. ಅಲ್ಲಿಗೊಬ್ಬ ತನ್ನ ಗಿಟಾರಿನ ಪಿಕಪ್ ಹಿಡಿದುಕೊಂಡು ಬಂದನಂತೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳು ತಾಮ್ರದ ತಂತಿ ಸುತ್ತಿದ ಒಂದು ಪುಟ್ಟ ಪೆಟ್ಟಿಗೆ. ಮೇಲೆ ಗಿಟಾರಿನ ತಂತಿ ಅದುರಿದರೆ ಅದು ಕರೆಂಟಾಗಿ ಇಲ್ಲಿಂದ ಹೊರಡುತ್ತದೆ. "ಇದನ್ನೂ ಸುತ್ತಿ ಕೊಡ್ತೀಯಾ?" ಎಂದು ಅವನು ಕೇಳಿದ. ಇವರು ಸುತ್ತಿ ಕೊಟ್ಟರು. ಆಮೇಲೆ ಅವನು ಅಲ್ಲೇ ಕೂತು ನುಡಿಸಿ ತೋರಿಸಿದನಂತೆ. ಅಷ್ಟೇ. ಪಂಪುಗಳ ಮೇಲಿನ ಮನಸ್ಸು ಅವತ್ತೇ ಹೋಯಿತು. ಈ ಕಥೆಯನ್ನು ನಮ್ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಹೇಳಿದ್ದೇ ಹೇಳೋ ಕಿಸಬಾಯಿ ದಾಸ ಅಂತ ನಾನು ಒಳಗಿನಿಂದಲೇ ಗೊಣಗುತ್ತೇನೆ.

ಈಗ ನನ್ನ ಚಾಕರಿಯ ವಿಷಯ. ರಿಪೇರಿ ಆದ ಗಿಟಾರನ್ನು ಪರೀಕ್ಷೆ ಮಾಡುವಾಗ ಅವರ ಎಡಗೈ ತಂತಿ ಒತ್ತಿರುತ್ತದೆ, ಬಲಗೈ ಮೀಟುತ್ತಿರುತ್ತದೆ. ನಾಬ್ ತಿರುಗಿಸಲು ಮೂರನೆಯ ಕೈ ಬೇಕು. ಆ ಮೂರನೆಯ ಕೈ ನಾನು. ಅವರು ಕಣ್ಣು ಮುಚ್ಚಿ ಒಂದೇ ಸ್ವರ ಮೀಟುತ್ತಾ ಇರುತ್ತಾರೆ, ನಾನು ಹತ್ತರಿಂದ ಸೊನ್ನೆಯವರೆಗೆ ನಾಬನ್ನು ಇಳಿಸುತ್ತಾ ಬರುತ್ತೇನೆ. "ನಿಧಾನ... ಇನ್ನೂ ನಿಧಾನ... ಕುದುರೆ ಏರಿದ್ದೀಯಾ? ಮತ್ತೆ ಮೊದಲಿಂದ." ಗಂಡನ ಕಾಲು ಒತ್ತುವ ಹೆಂಗಸರಿದ್ದಾರೆ ಎಂದು ಕೇಳಿದ್ದೇನೆ. ನಾಬ್ ತಿರುಗಿಸುವವಳು ನಾನೊಬ್ಬಳೇ ಇರಬೇಕು.

ಹೊಸತರಲ್ಲಿ ಕೇಳಿದ್ದೆ. "ಅಲ್ಲಾ ರೀ, ತಿರುಗಿಸಿದ್ರೆ ದನಿ ಕಮ್ಮಿ ಆಗುತ್ತೆ. ಇದರಲ್ಲಿ ಕಣ್ಣು ಮುಚ್ಚಿ ಕೇಳೋಕೆ ಏನಿದೆ?"

ಬಂತು ನೋಡಿ ಪಾಠ. ಗಿಟಾರಿನ ಹೊಟ್ಟೆ ಬಿಚ್ಚಿ ತೋರಿಸಿದರು. ವಾಲ್ಯೂಮ್ ಕಂಟ್ರೋಲಿಗೆ ಮೂರು ಕಾಲು. ಒಂದು ಕಾಲಿಗೆ ಪಿಕಪ್ಪಿನಿಂದ ದನಿ ಬರುತ್ತದೆ, ನಡುವಿನ ಕಾಲಿನಿಂದ ಹೊರಗೆ ಹೋಗುತ್ತದೆ, ಮೂರನೆಯದು ಅರ್ತಿಂಗ್, ಅಂದರೆ ಬೇಡವಾದದ್ದನ್ನು ಸುರಿದುಬಿಡುವ ಬಚ್ಚಲು. ನಾಬ್ ಇಳಿಸಿದಷ್ಟೂ ದನಿ ಬಚ್ಚಲ ಕಡೆಗೆ ಹರಿಯುತ್ತದೆ. "ಆದ್ರೆ ಎಲ್ಲಾ ಸಮ ಸಮ ಕಮ್ಮಿ ಆಗಲ್ಲ ಕಣೇ. ದಪ್ಪ ದನಿ ಗಟ್ಟಿಪಿಂಡ, ಉಳ್ಕೊಳ್ಳುತ್ತೆ. ಸಣ್ಣದು, ಚೂಪಿನದು, ಆ ಹೊಳಪು ಇರುತ್ತಲ್ಲ, ಅದು ಮೊದಲು ಹೋಗುತ್ತೆ. ಜನ ದನಿ ಕಮ್ಮಿ ಆಯ್ತು ಅಂದ್ಕೊಳ್ತಾರೆ. ಹೊಳಪು ಹೋಗಿದ್ದು ಯಾರಿಗೂ ಗೊತ್ತೇ ಆಗಲ್ಲ. ಎಲ್ಲೋ ಏನೋ ಮಬ್ಬು ಅನ್ಸುತ್ತೆ, ಅಷ್ಟೇ."

ಅದಕ್ಕೆ ಮದ್ದು ಒಂದು ಪುಟ್ಟ ಕಂಡೆನ್ಸರ್. ಬೇಳೆ ಕಾಳಿನಷ್ಟು. ಅದನ್ನು ಮೊದಲ ಕಾಲಿಗೂ ನಡುವಿನ ಕಾಲಿಗೂ ಸೇರಿಸಿ ಬೆಸುಗೆ ಹಾಕುತ್ತಾರೆ. ಸಣ್ಣ ದನಿಗೆ ಅದೊಂದು ಹಿತ್ತಿಲ ಬಾಗಿಲು; ನಾಬ್ ಎಷ್ಟು ಇಳಿಸಿದರೂ ಹೊಳಪು ಆ ಬಾಗಿಲಿನಿಂದ ನುಸುಳಿ ಹೊರಗೆ ಬರುತ್ತದೆ. ಬಾಗಿಲು ತೀರಾ ಸಣ್ಣದಾದರೆ ಪ್ರಯೋಜನವಿಲ್ಲ. ತೀರಾ ದೊಡ್ಡದಾದರೆ ಬರೀ ಚೂಪೇ ಹೊರಗೆ ಬಂದು ಕಿವಿ ಕೊಯ್ಯುತ್ತದೆ. ಎಷ್ಟು ಅಗಲದ ಬಾಗಿಲು ಎನ್ನುವುದೇ ಟೋನಪ್ಪನ ವಿದ್ಯೆ. ಅದಕ್ಕೆ ಪುಸ್ತಕದಲ್ಲಿ ಲೆಕ್ಕವಿದೆಯಂತೆ. ಇವರು ಅದನ್ನು ನಂಬುವವರಲ್ಲ. "ನಂಬರ್ ಸುಳ್ಳು ಹೇಳಬಹುದು, ಕಿವಿ ಹೇಳಲ್ಲ" ಎನ್ನುವುದು ಅವರ ಮಾತು.

"ನಂಗೆ ಎಲ್ಲಾ ಒಂದೇ ತರ ಕೇಳುತ್ತೆ" ಎಂದೆ ನಾನು ಆಗ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಕಥೆ" ಎಂದು ನಕ್ಕಿದ್ದರು.

ನಾನೂ ಸುಮ್ಮನಿರುವವಳಲ್ಲ. "ಕೋಣ ಹೋಗಿ ಅಡುಗೆ ಮಾಡುತ್ತೆ, ಕಿನ್ನರಿ ತಿನ್ಕೊಂಡಿರಿ" ಎಂದು ಎದ್ದು ಬಂದಿದ್ದೆ. ಆದರೆ ವರ್ಷಗಟ್ಟಲೆ ದಿನಾ ಅದೇ ಕೇಳಿದರೆ ಕೋಣಕ್ಕೂ ಕಿವಿ ಬರುತ್ತದೆ. ಈಗ ಪರದೆಯ ಹಿಂದೆ ಪಾತ್ರೆ ತೊಳೆಯುತ್ತಲೇ ನನಗೆ ಗೊತ್ತಾಗುತ್ತದೆ, ಯಾವುದು ಮಬ್ಬು, ಯಾವುದು ಒಣಕಲು, ಯಾವುದು ಸರಿ. ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೆ ಅದೂ ಒಂದು ಹೊಸ ಚಾಕರಿಯಾಗುತ್ತದೆ ಎಂಬ ಹೆದರಿಕೆ.

ಇನ್ನು ನನ್ನ ತಮ್ಮ. ಒಡಹುಟ್ಟಿದವನು. ಇವರ ಅಂಗಡಿಗೆ ಅಕ್ಕನನ್ನು ನೋಡುವ ನೆಪದಲ್ಲಿ ಬಂದು ಬಂದು ಗಿಟಾರ್ ಕಲಿತವನು. ಈಗ ಒಂದು ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ಸಂಜೆ ಹೊತ್ತು ನುಡಿಸುತ್ತಾನೆ. ಅಲ್ಲಿ ನುಡಿಸುವುದೆಂದರೆ ಯಾರಿಗೂ ಕೇಳದ ಹಾಗೆ ನುಡಿಸುವುದು. ಜನ ಮಾತಾಡುತ್ತಾ ತಿನ್ನುತ್ತಿರಬೇಕು, ಹಿನ್ನೆಲೆಯಲ್ಲಿ ಏನೋ ಹಿತವಾಗಿದೆ ಅನ್ನಿಸಬೇಕು, ಯಾರೂ ತಲೆ ಎತ್ತಿ ನೋಡಬಾರದು. ನೋಡಿದರೆ ಕೆಲಸ ಕೆಟ್ಟಿದೆ ಎಂದರ್ಥ. ಸ್ಪೀಕರುಗಳು ಚಾವಣಿಯೊಳಗೆ, ಅವುಗಳ ಹತೋಟಿ ಎಲ್ಲೋ ಬೀಗ ಹಾಕಿದ ಕೋಣೆಯಲ್ಲಿ. ದನಿ ತಗ್ಗಿಸಲು ತಮ್ಮನ ಕೈಯಲ್ಲಿರುವುದು ಅವನ ಗಿಟಾರಿನ ವಾಲ್ಯೂಮ್ ನಾಬ್ ಒಂದೇ. ಅದನ್ನು ಮೂರಕ್ಕೆ ಇಳಿಸಿ ಇಡೀ ಸಂಜೆ ನುಡಿಸುತ್ತಾನೆ. ಅವನ ಗಿಟಾರು ಮೂರರಲ್ಲಿ ಹೇಗೆ ಮಾತಾಡುತ್ತದೆ ಎನ್ನುವುದರ ಮೇಲೆ ಅವನ ಮನೆ ನಿಂತಿದೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮಂಡಿ ನೋವಿನ ಅತ್ತೆ, ಎಲ್ಲರೂ ಆ ಮೂರರ ಮೇಲೆ.

ಅವನ ಭಾವ ಹಾಕಿಕೊಟ್ಟ ಪುಟ್ಟ ಕಂಡೆನ್ಸರ್ ವರ್ಷಗಳಿಂದ ಚೆನ್ನಾಗಿಯೇ ಇತ್ತು. ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ ನಾಬ್ ಕರಕರ ಎನ್ನಲು ಶುರುವಾಯಿತು. ಕಂಟ್ರೋಲ್ ಸವೆದಿತ್ತು. ನಮ್ಮನೆಯವರು ಹೊಸದು ಹಾಕಿದರು, ಜೊತೆಗೆ ಕಂಡೆನ್ಸರನ್ನೂ ಹೊಸದಾಗಿ ಕಿವಿಯಲ್ಲೇ ತೂಗಿ ಹಾಕಿದರು. ಅವತ್ತು ನಾನು ನಾಬ್ ತಿರುಗಿಸಲಿಲ್ಲ. ಜ್ವರ ಬಂದು ಮಲಗಿದ್ದೆ. ಕಾಲು ಬೆರಳಿನಲ್ಲಿ ತಿರುಗಿಸಿಕೊಂಡರೋ ಏನೋ.

ವಾರ ಕಳೆಯುವಷ್ಟರಲ್ಲಿ ತಮ್ಮ ಬಂದ. ಮುಖ ಒಣಗಿತ್ತು. ಭಾವ ಎದುರಿಗಿರುವಾಗ ನಗುನಗುತ್ತಾ, "ಭಾವ, ಸ್ವಲ್ಪ ಚುಚ್ಚುತ್ತಿದೆ ಇದು. ಕೆಳಗೆ ಇಳಿಸಿದ್ರೆ ಸೂಜಿ ತರ. ಊಟಕ್ಕೆ ಬಂದೋರು ಕಿವಿ ಮುಚ್ಕೊಳ್ತಾರೆ" ಎಂದ.

"ಪಕ್ಕದಲ್ಲೇ ಟೋನ್ ನಾಬ್ ಇದೆಯಲ್ಲ, ಚೂಪು ತಗ್ಗಿಸೋಕೆ. ಅದನ್ನ ಇಳಿಸಿಕೊಳ್ಳೋ."

"ಇಳಿಸಿದೆ. ಆಗ ಕಂಬಳಿ ಹೊದ್ದ ಹಾಗೆ ಆಗುತ್ತೆ. ಎರಡೂ ಬೇಡ ಅಂತಾನೆ ಮ್ಯಾನೇಜರ್."

"ಸೂಜಿ ಅಂತೆ! ನೋಡೇ ನಿನ್ನ ತಮ್ಮನ್ನ. ದೊಡ್ಡ ಹೋಟೆಲಿಗೆ ಹೋಗಿ ಕಿವಿ ನಾಜೂಕಾಗಿದೆ. ಬಾ, ತಿರುಗಿಸು."

ಕೈ ಒರೆಸಿಕೊಂಡು ಹೋಗಿ ಕೂತೆ. ಅವರು ಕಣ್ಣು ಮುಚ್ಚಿ ಮೀಟಿದರು. ನಾನು ಇಳಿಸಿದೆ. ಎಂಟು, ಏಳು, ಸರಿ ಇತ್ತು. ಐದು ದಾಟಿದ ಮೇಲೆ ದನಿ ತೆಳ್ಳಗಾಗತೊಡಗಿತು. ಮೂರಕ್ಕೆ ಬಂದಾಗ ನನ್ನ ಹಲ್ಲು ಜುಮ್ಮೆಂದಿತು. ತಟ್ಟೆಯ ಮೇಲೆ ಚಮಚ ಗೀಚಿದ ಹಾಗೆ. ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ನಮ್ಮನೆಯವರು ಕಣ್ಣು ತೆರೆದು ತಲೆ ಆಡಿಸಿದರು. "ಹೌದು, ಸರಿ ಇಲ್ಲ. ಇನ್ನೂ ಮಬ್ಬಾಗಿದೆ."

ಮಬ್ಬಂತೆ! ಅಯ್ಯೋ ದೇವರೇ ಎಂದುಕೊಂಡೆ. ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಗಿಟಾರ್ ಬೋರಲು ಬಿದ್ದಿತ್ತು, ಬೆಸುಗೆಯ ಕಾದ ಕಡ್ಡಿ ಕೈಯಲ್ಲಿತ್ತು. ಹಾಕಿದ್ದ ಕಂಡೆನ್ಸರ್ ಕಿತ್ತು ಇನ್ನೂ ದೊಡ್ಡದು ಹಾಕಿದರು. ಬಾಗಿಲು ಇನ್ನೂ ಅಗಲ ಮಾಡಿದರು. ಮತ್ತೆ ಮೀಟಿ, ಮತ್ತೆ ನನ್ನ ಕೈಲಿ ನಾಬ್ ಇಳಿಸಿ, "ಹಾಂ! ಈಗ ಜೀವ ಬಂತು ನೋಡು" ಎಂದು ತಮ್ಮನ ಬೆನ್ನು ತಟ್ಟಿದರು. ಭಾವನಿಗೆ ಎದುರಾಡುವ ಹುಡುಗನಲ್ಲ ಅವನು. ತಲೆ ನೆರೆಯುತ್ತಾ ಬಂದರೂ ನಮ್ಮನೆಯಲ್ಲಿ ಅವನು ಹುಡುಗನೇ.

ಬೀದಿ ತಿರುವಿನವರೆಗೆ ಅವನ ಜೊತೆ ಹೋದೆ. "ಅಕ್ಕಾ, ಶನಿವಾರ ಹೋಟೆಲಿನ ಮಾಲೀಕರು ಊಟಕ್ಕೆ ಬರ್ತಿದ್ದಾರೆ. ಅವತ್ತು ಸರಿ ಇಲ್ದಿದ್ರೆ ನನ್ನ ತೆಗೆದು ಹಾಡಿನ ಪೆಟ್ಟಿಗೆ ಇಡ್ತಾರಂತೆ. ಮ್ಯಾನೇಜರ್ ಮುಖಕ್ಕೇ ಹೇಳ್ದ" ಎಂದ. ಸ್ವಲ್ಪ ದೂರ ನಡೆದು, "ಬೇರೆ ಕಡೆ ತೋರಿಸ್ಲಾ? ಭಾವಂಗೆ ಗೊತ್ತಾಗದ ಹಾಗೆ?" ಎಂದು ಕೇಳಿದ.

ಗೊತ್ತಾಗದ ಹಾಗೆ ಎಲ್ಲಿಂದ ಬಂತು? ಟೋನಪ್ಪನ ಸ್ವಂತ ಭಾಮೈದುನ ಇನ್ನೊಬ್ಬರ ಅಂಗಡಿಗೆ ಗಿಟಾರ್ ಒಯ್ದ ಎನ್ನುವ ಸುದ್ದಿ ಅವನು ಅಲ್ಲಿಂದ ವಾಪಸು ಬರುವುದಕ್ಕೆ ಮುಂಚೆಯೇ ಊರೆಲ್ಲ ಹಬ್ಬುತ್ತದೆ. ಆಮೇಲೆ ನಮ್ಮ ಅಂಗಡಿಗೆ ನೊಣವೂ ಬರುವುದಿಲ್ಲ. ಬಿಟ್ಟರೆ ಇವನ ಅನ್ನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. "ಗಿಟಾರ್ ನನ್ನ ಕೈಗೆ ಕೊಟ್ಟು ಹೋಗು. ಶನಿವಾರದೊಳಗೆ ಸರಿ ಮಾಡಿಸ್ತೀನಿ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಅವತ್ತಿನಿಂದ ಸಂಜೆ ಯಾರದೋ ಗಿಟಾರ್ ಎರವಲು ತಂದು ನುಡಿಸಿದನಂತೆ, ಪಾಪ.

ಗಿಟಾರ್ ಹೊತ್ತುಕೊಂಡು ವಾಪಸು ನಡೆಯುವಾಗ ಒಂದೊಂದೇ ನೆನಪಾಗತೊಡಗಿತು. ಕಂಡೆನ್ಸರುಗಳನ್ನು ಪೇಟೆಯಿಂದ ತರುವವಳು ನಾನು. ಅವುಗಳ ಮೈಮೇಲೆ ನಂಬರ್ ಇರುತ್ತದೆ; ಕೊನೆಯ ಅಂಕಿ ಎಷ್ಟೋ ಅಷ್ಟು ಸೊನ್ನೆ ಎಂದರ್ಥ, ಹಾಗಾಗಿ 681 ಸಣ್ಣದು, 222 ದೊಡ್ಡದು. ಮೊದಲೆಲ್ಲ ಯಾವಾಗಲೂ 681 ತಾ ಎನ್ನುತ್ತಿದ್ದರು. ಆಮೇಲೆ 102 ಎಂದರು. ಈಗ ಸುಮಾರು ಸಮಯದಿಂದ 222. ಡ್ರಾಯರಿನಲ್ಲಿ ಸಣ್ಣವುಗಳ ಖಾನೆ ತುಂಬಿ ಧೂಳು ಹಿಡಿದಿದೆ, ದೊಡ್ಡವು ತಂದು ತಂದು ಸಾಲುತ್ತಿಲ್ಲ. ನಾನು ಕಂಪನಿ ಮಾಲು ಬದಲಾಗಿರಬೇಕು ಎಂದುಕೊಂಡಿದ್ದೆ. ಇತ್ತೀಚೆಗೆ ವಾದ್ಯದವರು ರಿಪೇರಿ ಆದದ್ದನ್ನು ಮತ್ತೆ ತಂದುಕೊಡುವುದೂ ಹೆಚ್ಚಾಗಿತ್ತು. ಕೆಲವರು ತರುವುದನ್ನೇ ನಿಲ್ಲಿಸಿದ್ದರು.

ಇನ್ನೊಂದು. ಒಳಗಿನಿಂದ ನಾನು ಏನಾದರೂ ಹೇಳಿದರೆ ಉತ್ತರ ಬರುತ್ತಿರಲಿಲ್ಲ. ಅದನ್ನು ಜಾಣ ಕಿವುಡು ಅಂತಲೇ ನಂಬಿದ್ದೆ. ಯಾವ ಹೆಂಡತಿಯಾದರೂ ಹಾಗೇ ನಂಬುತ್ತಾಳೆ. ತರಕಾರಿ ತನ್ನಿ ಎಂದರೆ ಕೇಳುವುದಿಲ್ಲ, ತಿಂಡಿ ಆಯಿತು ಎಂದರೆ ಕೇಳುತ್ತದೆ. ಈಗ ಯೋಚಿಸಿದರೆ, ತಿಂಡಿ ಆಯಿತು ಎನ್ನುವಾಗ ನಾನು ಪರದೆ ಸರಿಸಿ ಎದುರಿಗೆ ನಿಂತಿರುತ್ತಿದ್ದೆ.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಕರುಣೆಯಲ್ಲ, ಸುಸ್ತು. ಇಷ್ಟೆಲ್ಲ ಮಾಡಿ ಇನ್ನು ಇದೂ ಒಂದು ಬಾಕಿ ಇತ್ತೇ ಅನ್ನಿಸಿತು.

ಹೇಳುವುದು ಹೇಗೆ? ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮನುಷ್ಯ. ಎರಡು ದಿನ ಬಾಯಿ ತೆರೆಯುವುದು, ಮುಚ್ಚುವುದು, ಇದೇ ಆಯಿತು. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಅವರು ಯಾವುದೋ ಪಿಕಪ್ ಸುತ್ತುತ್ತಾ ಕೂತಿದ್ದರು. ಅಷ್ಟರಲ್ಲಿ ಪಕ್ಕದ ಗಾಜಿನ ಅಂಗಡಿಯವನು ಚಕ್ರ ಹಚ್ಚಿದ.

ಗಾಜಿನ ಅಂಚು ಉಜ್ಜುವ ಚಕ್ರದ ದನಿ ನೀವು ಕೇಳಿದ್ದೀರೋ ಇಲ್ಲವೋ. ಕಿರ್ರ್ ಎಂದು ಗೋಡೆ ತೂರಿ ಬಂದು ನೆತ್ತಿಗೆ ಹತ್ತುತ್ತದೆ. ಆ ಚಕ್ರಕ್ಕೂ ನಮ್ಮನೆಯವರಿಗೂ ಹಳೆಯ ಯುದ್ಧ. "ನಾನಿಲ್ಲಿ ಟೋನ್ ಕೇಳ್ಬೇಕೋ, ನಿನ್ನ ಅರಚಾಟ ಕೇಳ್ಬೇಕೋ?" ಎಂದು ಬೀದಿಗೆ ಹೋಗಿ ಕೂಗುತ್ತಿದ್ದರು. ಅವನೂ ಬಿಡುತ್ತಿರಲಿಲ್ಲ. ನಾಲ್ಕು ಜನ ಸೇರುತ್ತಿದ್ದರು. ಆ ಜಗಳ ಯಾವಾಗಲೋ ನಿಂತುಹೋಗಿತ್ತು. ವಯಸ್ಸಾದ ಮೇಲೆ ತಾಳ್ಮೆ ಬಂತು, ಸದ್ಯ ಎಂದು ನಾನು ನೆಮ್ಮದಿಯಿಂದಿದ್ದೆ.

ಚಕ್ರ ಅರಚುತ್ತಿತ್ತು. ಅವರು ತಂತಿ ಸುತ್ತುತ್ತಿದ್ದರು, ಹುಬ್ಬು ಕೂಡ ಅಲುಗಲಿಲ್ಲ.

ಎದುರಿಗೆ ಹೋಗಿ ನಿಂತೆ. "ಗಾಜಿನವನಿಗೆ ಬಯ್ಯಲ್ವಾ?"

"ಯಾಕೆ? ಅವನು ಇವತ್ತು ಅಂಗಡಿ ತೆಗೆದೇ ಇಲ್ವಲ್ಲ."

ಗೋಡೆಯ ಕಡೆ ಕೈ ತೋರಿಸಿದೆ ಅಷ್ಟೇ. ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ಗೋಡೆಯನ್ನು ನೋಡಿದರು, ಆಮೇಲೆ ತಂತಿಯನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದರು. ನಾನೂ ಹಿಂದೆ ಹೋದೆ. ಗಾಜಿನವನು ಬಾಗಿಲಿಗೆ ಎದುರಾಗಿ ಕೂತು ಕನ್ನಡಿಯ ಅಂಚನ್ನು ಚಕ್ರಕ್ಕೆ ಒತ್ತಿ ಹಿಡಿದಿದ್ದ. ನೀರು ಚಿಮ್ಮುತ್ತಿತ್ತು. ನಮ್ಮನೆಯವರು ಅವನೆದುರು ನಿಂತು ಆ ಚಕ್ರ ತಿರುಗುವುದನ್ನು ನೋಡಿದರು. ಇನ್ನಷ್ಟು ಹತ್ತಿರ ಹೋಗಿ ಬಗ್ಗಿ ನೋಡಿದರು.

ಗಾಜಿನವನು ಬೆಚ್ಚಿ ಚಕ್ರ ನಿಲ್ಲಿಸಿದ. "ಆಯ್ತು ಸ್ವಾಮಿ, ನಿಲ್ಲಿಸ್ದೆ, ನಿಲ್ಲಿಸ್ದೆ. ಬಯ್ಬೇಡಿ" ಎಂದವನು ಹಲ್ಲು ಬಿಟ್ಟ. "ಎಷ್ಟು ಕಾಲ ಆಯ್ತು ನೀವು ಬಂದು ಬಯ್ದು! ಮೈ ಹುಷಾರಿಲ್ವೇನೋ ಅಂದ್ಕೊಂಡಿದ್ದೆ."

ನಮ್ಮನೆಯವರು ಬಯ್ಯಲಿಲ್ಲ. "ನೀನು ನಿನ್ನ ಕೆಲಸ ಮಾಡ್ಕೊಪ್ಪಾ" ಎಂದು ಹಿಂದಿರುಗಿದರು. ಆ ಮಾತು ಕೇಳಿ ಗಾಜಿನವನ ನಗು ಕರಗಿತು. ಅವನು ಅವತ್ತು ಮತ್ತೆ ಚಕ್ರ ಹಚ್ಚಲಿಲ್ಲ.

ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಚಹಾ ಮಾಡಿ ತಂದೆ. ಅದು ಹಾಗೇ ಆರಿತು. ಕೊನೆಗೆ ನಾನೇ ಹೇಳಿದೆ. "ನನ್ನ ತಮ್ಮನ ಗಿಟಾರ್ ಮಬ್ಬಲ್ಲ ರೀ. ಚುಚ್ಚುತ್ತೆ. ಅವನು ಹೇಳಿದ್ದೇ ನಿಜ. ನಿಮಗೆ ಆ ಚೂಪು ಕೇಳಿಸ್ತಿಲ್ಲ."

ಸಿಡಿದರು. "ನಿನಗೇನು ಗೊತ್ತು? ಈ ಊರಲ್ಲಿ ಗಿಟಾರ್ ಹಿಡಿದೋರಿಗೆಲ್ಲ ದನಿ ಕೊಟ್ಟಿದ್ದು ಈ ಕಿವಿ! ನಾಬ್ ತಿರುಗಿಸೋಳು ನನಗೆ ಪಾಠ ಹೇಳೋಕೆ ಬಂದ್ಲು!"

ಆಹಾ, ಎಷ್ಟು ಚುಚ್ಚಿತು ಗೊತ್ತೇ? "ಹೌದು, ತಿರುಗಿಸೋಳೇ" ಎಂದೆ ನಾನೂ ಗಂಟಲೆತ್ತಿ. "ನಿಮ್ಮ ಎದುರು ಕೂತು ಕೂತು ನನ್ನ ಬೆನ್ನು ಬಿದ್ದುಹೋಯ್ತು. ನೀವು ಕಣ್ಣು ಮುಚ್ಕೊಂಡಿದ್ರಿ. ನಾನು ಕಣ್ಣು ಬಿಟ್ಕೊಂಡೇ ಕೇಳ್ದೆ. ನಾಳೆ ಅವನ ಕೆಲಸ ಹೋದ್ರೆ ಅವನ ಮಕ್ಕಳಿಗೆ ನೀವು ಹೇಳ್ತೀರಾ, ಕಿವಿ ಸುಳ್ಳು ಹೇಳಲ್ಲ ಅಂತ?"

ಅವರು ಗೋಡೆ ಕಡೆ ತಿರುಗಿ ಕೂತರು. ನಾನು ಒಳಗೆ ಹೋಗಿ, ಅಳುವುದಕ್ಕೂ ಬೇಸರವಾಗಿ, ಸುಮ್ಮನೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಸಂಜೆಯಾಯಿತು. ಮಗಳಿಗೆ ಫೋನ್ ಮಾಡಿ ಹೇಳೋಣವೆಂದು ಎತ್ತಿಕೊಂಡು ಹಾಗೇ ಇಟ್ಟೆ. ಅವಳು ಕಿವಿ ಡಾಕ್ಟರಿಗೆ ತೋರಿಸಿ ಎನ್ನುತ್ತಾಳೆ. ಹೋಗಬೇಕಾದದ್ದೇ. ಆದರೆ ಶನಿವಾರಕ್ಕೆ ಡಾಕ್ಟರು ಏನು ಮಾಡುತ್ತಾರೆ?

"ಬಾರೇ ಇಲ್ಲಿ, ಒಂದು ನಿಮಿಷ" ಎಂದು ಕೇಳಿಸಿತು. ದನಿ ಎಂದಿನ ಹಾಗಿರಲಿಲ್ಲ.

ನಾನು ಪರದೆಯ ಪಕ್ಕ ಒರಗಿಸಿಟ್ಟಿದ್ದ ತಮ್ಮನ ಗಿಟಾರಿನ ಹೊಟ್ಟೆ ಬಿಚ್ಚಿ ಎರಡು ಮೊಸಳೆ ಕ್ಲಿಪ್ಪಿನ ತಂತಿಗಳನ್ನು ಹೊರಗೆ ಎಳೆದಿದ್ದರು. ಮೇಜಿನ ಮೇಲೆ ಕಂಡೆನ್ಸರುಗಳು. "ಒಂದೊಂದೇ ಸಿಕ್ಕಿಸ್ತೀನಿ. ಯಾವುದು ಅಂತ ಹೇಳಲ್ಲ. ನೀನು ಇಳಿಸು, ನೀನೇ ಕೇಳು. ಕಣ್ಣು ಮುಚ್ಕೋ" ಎಂದರು.

"ನಾನಾ?"

"ಮತ್ತೆ ಯಾರು? ಗಾಜಿನವನಾ?"

ಕಣ್ಣು ಮುಚ್ಚಿದೆ. ಮೂರಕ್ಕೆ ಇಳಿಸಿದೆ. "ಹೇಗಿದೆ?" ಎಂದರು ಅವರು.

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋದು ಒಂದು ಮಾತಾ? ಸಾವಿರ ಜನ ಬಂದು ಚೆನ್ನಾಗಿಲ್ಲ ಅಂದ್ರು, ಏನು ಚೆನ್ನಾಗಿಲ್ಲ ಅಂತ ಒಬ್ಬನೂ ಹೇಳಲಿಲ್ಲ. ಕೇಳಿ ಹೇಳು."

ಹುಡುಕಿ ಹುಡುಕಿ ಹೇಳಿದೆ. ಇದು ಹೊದಿಕೆಯೊಳಗಿಂದ ಮಾತಾಡಿದ ಹಾಗಿದೆ. ಇದು ಶೀತವಾದವರ ಮೂಗಿನ ಹಾಗೆ. ಇದು ಬೇಡವೇ ಬೇಡ, ಹಲ್ಲು ಜುಮ್ಮೆನ್ನುತ್ತದೆ. ಇದು ಮೇಲೆ ಇದ್ದ ಹಾಗೇ ಕೆಳಗೂ ಇದೆ, ದೂರ ಹೋಗಿ ನಿಂತ ಹಾಗೆ ಅಷ್ಟೇ. "ಅದೇ" ಎಂದೆ. "ಅದೇ ಇರಲಿ."

ಮಧ್ಯೆ ಒಮ್ಮೆ ಕಳ್ಳಗಣ್ಣು ಬಿಟ್ಟು ನೋಡಿದೆ. ಅವರು ನುಡಿಸುತ್ತಾ ತಲೆಯನ್ನು ಗಿಟಾರಿನ ಮೇಲೆ ಬಾಗಿಸಿ ಕಿವಿಯನ್ನು ಮರಕ್ಕೆ ತಾಗಿಸಿಕೊಂಡಿದ್ದರು. ಒಂದು ತೆಗೆದು ಇನ್ನೊಂದು ಸಿಕ್ಕಿಸಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಎಲ್ಲವೂ ಅವರಿಗೆ ಒಂದೇ ತರ ಕೇಳುತ್ತಿತ್ತು. ಕೋಣ, ಕಿನ್ನರಿ ಎಂದು ತಿರುಗಿ ಹೇಳಲು ಎಷ್ಟು ವರ್ಷ ಕಾದಿದ್ದೆ ನಾನು. ಬೇಗ ಕಣ್ಣು ಮುಚ್ಚಿಕೊಂಡೆ.

ನಾನು ಇರಲಿ ಎಂದದ್ದು 681. ಹಳೆಯದೇ. ಅವರು ಅದನ್ನು ಅಂಗೈಯಲ್ಲಿಟ್ಟು ನಂಬರ್ ಓದಿ, "ನಂಬರೇ ನಿಜ ಹೇಳ್ತಲ್ಲ" ಎಂದರು. ಬೆಸುಗೆ ಮಾತ್ರ ಎಂದಿನ ಹಾಗೆಯೇ, ಕೈ ನಡುಗದೆ ಹಾಕಿದರು.

ಶನಿವಾರ ತಮ್ಮ ನಮ್ಮನ್ನೂ ಹೋಟೆಲಿಗೆ ಕರೆದೊಯ್ದ. ಮ್ಯಾನೇಜರ್ ಒಂದು ಕಂಬದ ಹಿಂದಿನ ಮೇಜು ತೋರಿಸಿದ. ಅಲ್ಲಿಂದ ತಮ್ಮನ ತಲೆ, ಒಂದು ಭುಜ ಕಾಣುತ್ತಿತ್ತು. ಕೈಗಳು, ಗಿಟಾರು ಕಂಬಕ್ಕೆ ಮರೆ. ನಮ್ಮನೆಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಂಡಿಯ ಮೇಲೆ ಕೈಯಿಟ್ಟು ಪರೀಕ್ಷೆಗೆ ಬಂದ ಹಾಗೆ ಕೂತಿದ್ದರು. ಹಾಲ್ ತುಂಬ ಜನ, ಗುಜುಗುಜು, ತಲೆಯ ಮೇಲೆ ತಣ್ಣನೆಯ ಗಾಳಿಯ ಯಂತ್ರದ ಗೊರಗೊರ. ನಡುವಿನ ದೊಡ್ಡ ಮೇಜಿನಲ್ಲಿ ಮಾಲೀಕರು, ಅವರ ಮನೆಯವರು.

ತಮ್ಮ ಶುರು ಮಾಡಿದ. ನಾನು ಉಸಿರು ಹಿಡಿದು ಕೇಳಿದೆ. ಆ ಗದ್ದಲದ ಕೆಳಗೆ ನೀರು ಹರಿದ ಹಾಗೆ ಬಂತು. ಸಣ್ಣಗೆ, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ತೊಳೆದಿಟ್ಟ ಹಾಗೆ. ಒಂದು ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ಮಾಲೀಕರು ಏನೋ ಹೇಳಿ ನಗುತ್ತಿದ್ದರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಒಬ್ಬರೂ! ಮ್ಯಾನೇಜರ್ ಗೋಡೆಗೊರಗಿ ನಿಂತು ಮೊದಲ ಸಲ ಕೈ ಸಡಿಲ ಬಿಟ್ಟ. ಗೆದ್ದೆವು ಎಂದುಕೊಂಡೆ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ.

ಅದಕ್ಕೆ ಮುಂಚೆ ಅವರೇ ನನ್ನ ಕಡೆ ಬಾಗಿದರು. "ಯಾಕಂತೆ ಇಷ್ಟು ತಡ? ಇನ್ನೂ ಶುರು ಮಾಡಿಲ್ವಲ್ಲ ಅವನು?"

ಸುಳ್ಳು ಹೇಳಬಹುದಿತ್ತು. ನಾಲಿಗೆಗೆ ಬಂದೂ ಇತ್ತು. ಆದರೆ ಆ ಮುಖ ನೋಡಿ ಆಗಲಿಲ್ಲ. ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. "ಶುರು ಮಾಡಿದ್ದಾನೆ ರೀ."

"ಯಾವಾಗ?"

"ಆಗಲೇ."

ಅವರು ಕಂಬವನ್ನು ನೋಡುತ್ತಾ ಕೂತರು. ಮಂಡಿಯ ಮೇಲಿನ ಬೆರಳುಗಳು ಬಟ್ಟೆಯನ್ನು ಹಿಡಿದುಕೊಂಡವು, ಬಿಟ್ಟವು. ಆಮೇಲೆ ಕೇಳಿದರು. "ಮಬ್ಬಾಗಿದೆಯಾ?"

"ಇಲ್ಲ."

"ಚುಚ್ಚುತ್ತಾ?"

"ಇಲ್ಲ ರೀ."

"ಮತ್ತೆ ಹೇಗಿದೆ, ಹೇಳು. ಚೆನ್ನಾಗಿದೆ ಅನ್ಬೇಡ."

ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ಮೈಯೆಲ್ಲ ದಣಿದಿತ್ತು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು. ಕುರ್ಚಿ ಎಳೆದು ಅವರ ಹತ್ತಿರ ಹಾಕಿಕೊಂಡೆ. ಅವರು ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ತಮ್ಮ ಮೂರನೆಯ ಹಾಡು ಎತ್ತಿಕೊಂಡಿದ್ದ. ಅದು ಹೇಗೆ ಕೇಳಿಸುತ್ತಿದೆ ಎಂದು ನಾನು ಮೊದಲಿನಿಂದ ಹೇಳತೊಡಗಿದೆ.